ಹೊಳೆಯಾಚೆ ಕೇಳಿಸೀತು

ಈಗ ನಾನಿರುವ ಕಡೆ ಮಣ್ಣಿನ ಕುಡಿಕೆಯಲ್ಲಿ ಉಪ್ಪಿನಕಾಯಿ ಹಾಕಿಡುತ್ತಾರೆ. ನಮ್ಮೂರಿನಲ್ಲಿ ಮಾತು ಹಾಕಿಡುತ್ತಿದ್ದರು.

ನಮ್ಮೂರಿನ ಅಂಚಿಗೆ ಒಂದು ಕೋಟೆ. ಕೋಟೆಯ ಹಿಂದೆ ಹೊಳೆ. ಹೊಳೆಯ ಮೇಲೆ ಮಂಜು. ಮಂಜಿನ ಆಚೆ ಇದ್ದವರು ಆಚೆಯವರು. ಅವರನ್ನು ಯಾರೂ ನೋಡಿರಲಿಲ್ಲ, ಆದರೆ ಅವರ ಕಿವಿ ಬಹಳ ಚುರುಕು ಎಂದು ಎಲ್ಲರಿಗೂ ಗೊತ್ತಿತ್ತು. ಗಂಡ ಹೆಂಡತಿ ಜಗಳವಾಡಿದರೆ ಅತ್ತೆ ಒಳಗಿನಿಂದ, ಮೆಲ್ಲಗೆ, ಹೊಳೆಯಾಚೆ ಕೇಳಿಸೀತು ಎನ್ನುತ್ತಿದ್ದಳು. ಮಗು ಅತ್ತರೆ ತಾಯಿ ಅದೇ ಮಾತನ್ನು ಅದರ ಕಿವಿಯಲ್ಲಿ ಹೇಳುತ್ತಿದ್ದಳು. ಹೆಣ ಹೊತ್ತವರೂ ಹಾಗೆ ಹೇಳಿಕೊಂಡು ನಡೆಯುತ್ತಿದ್ದರು.

ಕೋಟೆಯೊಳಗೆ ಕೆಲಸ ಮಾಡುವವರು ಸಂಜೆ ಮನೆಗೆ ಹೊರಡುವ ಮೊದಲು ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂರಬೇಕು. ಗದ್ದದ ಕೆಳಗೆ ಒಂದು ಗೇಣು ದೂರದಲ್ಲಿ ಕುಡಿಕೆ ಹಿಡಿದು, ಆ ದಿನ ಕಂಡದ್ದನ್ನೂ ಕೇಳಿದ್ದನ್ನೂ ಅದರೊಳಗೆ ಹೇಳಬೇಕು. ಆಮೇಲೆ ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ, ಬಿಸಿ ಅರಗು ಸುರಿದು, ಮುದ್ರೆ ಒತ್ತಿ, ಒಳಮನೆಯ ಹಲಗೆಯ ಮೇಲೆ ಇಡುತ್ತಿದ್ದರು. ಅಡುಗೆಯವನು ಸಾರಿಗೆ ಉಪ್ಪು ಹೆಚ್ಚಾದದ್ದನ್ನೂ ಹೇಳಿ ಹೋಗಬೇಕಿತ್ತು. ಹೀಗೆ ಎಲ್ಲರೂ ಖಾಲಿಯಾಗಿ ಮನೆಗೆ ಹೋಗುತ್ತಿದ್ದರು. ಮಾತು ಕುಡಿಕೆಯಲ್ಲಿ ಉಳಿಯುತ್ತಿತ್ತು. ಕುಡಿಕೆ ಒಡೆದರೆ ಆ ಮಾತು, ಹೇಳಿದವನ ದನಿಯಲ್ಲೇ, ಒಂದೇ ಒಂದು ಸಲ ಹೊರಗೆ ಬಂದು ಗಾಳಿಗೆ ಸೇರಿಬಿಡುತ್ತಿತ್ತು.

ಆದ್ದರಿಂದ ನಮ್ಮೂರಿನ ಮಕ್ಕಳು ನಡೆಯುವುದಕ್ಕಿಂತ ಮೊದಲು ಒಂದನ್ನು ಕಲಿಯುತ್ತಿದ್ದವು. ಮಣ್ಣು ಒಡೆದ ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಳ್ಳುವುದು. ಅಡುಗೆಮನೆಯಲ್ಲಿ ಹಾಲಿನ ಗಡಿಗೆ ಬಿದ್ದರೂ ನಮ್ಮ ಕೈ ಮೊದಲು ಕಿವಿಗೆ ಹೋಗುತ್ತಿತ್ತು, ಆಮೇಲೆ ಹಾಲಿನ ಕಡೆಗೆ.

ಕುಡಿಕೆಗೆ ಅರಗು ಹಾಕುವ ಕೆಲಸ ನನ್ನ ಪಕ್ಕದ ಮನೆಯವಳದು. ಎಲ್ಲರೂ ಅವಳನ್ನು ಅರಗಿನವಳು ಎಂದೇ ಕರೆಯುತ್ತಿದ್ದರು. ಅವಳು ಹೇಳುವವನ ಎದುರಿಗೇ ಕೂತಿರಬೇಕು, ಆದರೆ ಕೇಳಿಸಿಕೊಳ್ಳಬಾರದು. ಅದಕ್ಕಾಗಿ ಅವಳ ಎರಡೂ ಕಿವಿಗೆ ಜೇನುಮೇಣ ತುಂಬುತ್ತಿದ್ದರು. ಹನ್ನೊಂದು ವರ್ಷ ಅವಳು ಹಾಗೆ ಕೂತಳು. ಹನ್ನೊಂದು ವರ್ಷ ಎದುರಿಗಿದ್ದ ಬಾಯಿಗಳು ಸದ್ದಿಲ್ಲದೆ ತೆರೆದು ಮುಚ್ಚುವುದನ್ನು ನೋಡಿದಳು. ನೋಡಬಾರದು ಎಂದು ಯಾರೂ ಹೇಳಿರಲಿಲ್ಲ.

ಅವಳು ಮೊದಲು ಓದಿದ ಮಾತು ಅಡುಗೆಯವನ ಉಪ್ಪು. ತುಟಿ ಮುಂದೆ ಬಂದು, ಒಂದಕ್ಕೊಂದು ಅಂಟಿ, ಮತ್ತೆ ಮುಂದೆ ಬಂದಿತ್ತು. ಆಮೇಲೆ ಒಂದೊಂದೇ ಮಾತು ತಾನಾಗಿ ತಿಳಿಯತೊಡಗಿತು. ಮಳೆಗಾಲದಲ್ಲಿ ಗೋಡೆಯ ತೇವ ಕಾಣಿಸುವ ಹಾಗೆ, ಎಂದು ಅವಳೇ ಒಮ್ಮೆ ನನಗೆ ಹೇಳಿದ್ದಳು. ತಿಳಿದದ್ದನ್ನು ಮಾತ್ರ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪ್ರತಿ ಹುಣ್ಣಿಮೆಗೆ ಊರಿನಿಂದ ಒಂಬತ್ತು ಜನ ಹೊಳೆಯ ದಡಕ್ಕೆ ಕಾವಲಿಗೆ ಹೋಗಬೇಕಿತ್ತು. ಚೀಟಿ ಎತ್ತಿ ಆರಿಸುತ್ತಿದ್ದರು. ಒಂದು ತಿಂಗಳ ಕಾವಲು. ಮುಂದಿನ ಹುಣ್ಣಿಮೆಗೆ ಹೊಸ ಒಂಬತ್ತು ಜನ ಹೋಗುತ್ತಿದ್ದರು. ಮಾರನೆಯ ಬೆಳಗ್ಗೆ ಡಂಗುರದವನು ಬೀದಿ ಬೀದಿ ನಿಂತು, ಹಳೆಯ ಒಂಬತ್ತು ಜನ ಚೆನ್ನಾಗಿ ಕಾವಲು ಕಾದರು, ಬಡ್ತಿ ಪಡೆದು ಮುಂದಿನ ಠಾಣೆಗೆ ಹೋದರು ಎಂದು ಸಾರುತ್ತಿದ್ದ. ಆ ಮನೆಗಳವರು ಬೀದಿಗೆಲ್ಲ ಬೆಲ್ಲ ಹಂಚುತ್ತಿದ್ದರು. ಮುಂದಿನ ಠಾಣೆ ಎಲ್ಲಿದೆ ಎಂದು ಕೇಳುವಂತಿರಲಿಲ್ಲ. ಹೊಳೆಯಾಚೆ ಕೇಳಿಸೀತು.

ಒಂದು ಹುಣ್ಣಿಮೆಯ ಮಾರನೆಯ ಸಂಜೆ ಒಬ್ಬ ಬಿಲ್ಲುಗಾರ ಕಲ್ಲುಕಟ್ಟೆಯ ಮೇಲೆ ಬಂದು ಕೂತ. ಅವನ ತುಟಿ ನಡುಗುತ್ತಿತ್ತು. ನಡುಗುವ ತುಟಿಯನ್ನು ಓದುವುದು ಕಷ್ಟ. ಆದರೂ ಅರಗಿನವಳು ಓದಿದಳು.

ಹೊಳೆಯ ಕಡೆಯಿಂದ ಬರುವವರು ಸಂಕೇತದ ಮಾತನ್ನು ಕೂಗದಿದ್ದರೆ ಬಾಣ ಬಿಡಬೇಕು ಎಂಬುದು ಕೋಟೆಯ ಗೋಡೆಯ ಮೇಲಿನ ಬಿಲ್ಲುಗಾರರಿಗೆ ಅಪ್ಪಣೆ. ಕಾವಲು ಮುಗಿಸಿದ ಒಂಬತ್ತು ಜನ ಮಂಜಿನಲ್ಲಿ ಮರಳಿ ಬಂದರು. ಅವರಿಗೆ ಹೇಳಿಕೊಟ್ಟಿದ್ದ ಸಂಕೇತದ ಮಾತನ್ನು ಕೂಗಿಕೊಂಡೇ ಬಂದರು. ಆದರೆ ಆ ಮಾತು ಗುಟ್ಟಿನ ಮಾತು. ಗುಟ್ಟಿನ ಮಾತಾದ್ದರಿಂದ ಅದು ಕುಡಿಕೆಯಲ್ಲಿತ್ತು. ಕುಡಿಕೆಯಲ್ಲಿದ್ದುದರಿಂದ ಬಿಲ್ಲುಗಾರರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಯಾರೋ ಏನೋ ಕೂಗುತ್ತ ಬರುತ್ತಿದ್ದಾರೆ ಎಂದು ಅವರು ಬಾಣ ಬಿಟ್ಟರು. ಮಂಜು ಸರಿದ ಮೇಲೆ ಇಳಿದು ನೋಡಿದರೆ ಬಿದ್ದವರು ನಮ್ಮವರೇ.

ಪ್ರತಿ ತಿಂಗಳೂ ಹೀಗೇ ಆಗುತ್ತಿದೆ, ಎಂದಿತು ಆ ಬಾಯಿ. ಕೊನೆಗೆ, ನನ್ನ ಬಾಣ ಬಿದ್ದದ್ದು ನನ್ನ ಭಾವಮೈದುನನಿಗೆ, ಎಂದಿತು. ಆಮೇಲೆ ಕುಡಿಕೆಯನ್ನು ಅವಳ ಕೈಗೆ ಕೊಟ್ಟು, ಅವನು ಖಾಲಿಯಾಗಿ ಮನೆಗೆ ಹೋದ.

ಮುಂದಿನ ಚೀಟಿಯಲ್ಲಿ ಅರಗಿನವಳ ತಮ್ಮನ ಹೆಸರು ಬಂತು.

ಅವಳಿಗೆ ಇದ್ದವನು ಅವನೊಬ್ಬನೇ. ಮಂಚಕ್ಕೆ ಹಗ್ಗ ಹೆಣೆಯುವವನು. ಊರಿನಲ್ಲಿ ಅವನು ಹೆಣೆಯದ ಮಂಚ ಇರಲಿಲ್ಲ. ನಾನು ಹೆಣೆದರೇ ನಿಮಗೆಲ್ಲ ನಿದ್ದೆ, ಎಂದು ಜಂಬ ಕೊಚ್ಚುತ್ತಿದ್ದ. ಅವನು ನನ್ನ ಮನೆಯ ಮಂಚ ಹೆಣೆಯುತ್ತಿದ್ದಾಗಲೇ ಅವಳು ಬಂದು, ನನ್ನೆದುರಿಗೇ, ಎಲ್ಲವನ್ನೂ ಹೇಳಿದಳು. ನಾನು ಬಾಗಿಲು ಮುಚ್ಚಿದೆ.

"ನೀನು ಹೋಗಬೇಡ ಕಣೋ. ಹೋದರೆ ವಾಪಸು ಬರೋವಾಗ ಸಾಯ್ತೀಯ."

ಅವನು ಹಗ್ಗವನ್ನು ಕಾಲಿನಿಂದ ಒತ್ತಿ ಹಿಡಿದು ಬಿಗಿದ. "ಅಕ್ಕಾ, ನಾನು ಹೋಗದಿದ್ರೆ ಇನ್ನೊಬ್ಬ ಹೋಗಬೇಕು. ಒಂಬತ್ತು ಅಂದರೆ ಒಂಬತ್ತೇ. ಚೀಟಿ ಎತ್ತೋರ ಹತ್ತಿರ ಹೋಗಿ, ನಂಗೆ ಭಯ, ನಮ್ಮ ಪಕ್ಕದ ಮನೆಯವರನ್ನ ಕಳಿಸಿ ಅನ್ನಲಾ?"

"ತಮಾಷೆ ಮಾಡಬೇಡ."

"ತಮಾಷೆ ಅಲ್ಲ. ಆ ಮಾತೇನೋ ಇದೆಯಲ್ಲ, ಅದನ್ನ ಬಿಲ್ಲಿನವರಿಗೆ ಹೇಳಿಸು. ಅಷ್ಟಾದ್ರೆ ನಾನೂ ಬರ್ತೀನಿ, ಉಳಿದ ಎಂಟು ಜನಾನೂ ಬರ್ತಾರೆ. ಇಲ್ದಿದ್ರೆ ಬಿಡು, ಬಡ್ತಿ ಸಿಗುತ್ತೆ."

ಆಗಬೇಕಾದದ್ದು ಅಷ್ಟೇ. ಒಂದು ಮಾತು ಕೋಟೆಯ ಬಾಗಿಲಿನಿಂದ ಕೋಟೆಯ ಗೋಡೆಯವರೆಗೆ, ಇಪ್ಪತ್ತು ಮೆಟ್ಟಿಲು ಹತ್ತಬೇಕಿತ್ತು.

ಅರಗಿನವಳು ಮೊದಲು ಮುದ್ರೆಯವರ ಬಳಿ ಹೋದಳು. ಎಲ್ಲ ಕುಡಿಕೆಗಳಿಗೂ ಅವರೇ ಒಡೆಯರು. ಮೃದು ಮಾತಿನ ಮನುಷ್ಯ. ಎದುರಿಗೆ ಬಂದವರಿಗೆ ಮೊದಲು ಮಜ್ಜಿಗೆ ಕೊಡಿಸುತ್ತಿದ್ದರು. ಅವಳು ಮಜ್ಜಿಗೆ ಕುಡಿದು, ಸ್ವಾಮಿ, ಒಂದು ದೂರಿದೆ ಎಂದಳು.

"ಕೋಟೆಗೆ ಸೇರಿದ್ದೇನಮ್ಮಾ?"

"ಹೌದು ಸ್ವಾಮಿ. ಸಂಕೇತದ ಮಾತು ಗೋಡೆ ಮೇಲಿರೋರಿಗೆ ಗೊತ್ತಿಲ್ಲ. ಅದರಿಂದ..."

ಅವರು ಕೈಯೆತ್ತಿ ತಡೆದರು. "ಹೀಗೆ ಬಾಯಿಬಿಟ್ಟು ಹೇಳಬಾರದು ತಾಯಿ. ಕ್ರಮ ಇದೆಯಲ್ಲ. ನಿನ್ನ ದೂರನ್ನು ಒಂದು ಕುಡಿಕೆಯಲ್ಲಿ ಹೇಳು. ಯಾವತ್ತಾದರೂ ತೆಗೆದು ನೋಡುತ್ತೇವೆ."

"ತೆಗೆದರೆ ಒಂದೇ ಸಲ ಕೇಳಿಸೋದು. ಆವಾಗ ನೀವು ಕಿವಿ ಮುಚ್ಚಿಕೊಳ್ತೀರಲ್ಲ ಸ್ವಾಮಿ?"

"ಮುಚ್ಚಿಕೊಳ್ಳಲೇಬೇಕಲ್ಲಮ್ಮಾ," ಎಂದರು ಅವರು ದುಃಖದಿಂದ. ಆ ದುಃಖ ನಿಜವಾದದ್ದೇ ಎಂದು ಅವಳು ನನಗೆ ಹೇಳಿದಳು.

ಅವಳು ದೂರನ್ನು ಕುಡಿಕೆಯಲ್ಲಿ ಹೇಳಿದಳು. ಅದಕ್ಕೆ ಅರಗು ಹಾಕುವವರು ಬೇರೆ ಯಾರೂ ಇರಲಿಲ್ಲ. ಅವಳೇ ಹಾಕಿದಳು.

ಹುಣ್ಣಿಮೆಗೆ ಆರು ದಿನ ಉಳಿದಿತ್ತು. ಅವಳು ಬಿಲ್ಲುಗಾರನ ಕುಡಿಕೆಯನ್ನು ಅರಗಿನ ಬುಟ್ಟಿಯಲ್ಲಿ ಮುಚ್ಚಿಕೊಂಡು ಹೊರಗೆ ತಂದಳು. ನೇರ ಡಂಗುರದವನ ಮನೆಗೆ ಹೋದಳು. ಜೊತೆಗೆ ನಾನೂ ಹೋದೆ. ಒಬ್ಬಳೇ ಹೋದರೆ ಬೀದಿಯವರು ಯಾಕೆ ಎಂದು ಕೇಳುತ್ತಾರೆ, ಇಬ್ಬರು ಹೆಂಗಸರು ಹೋದರೆ ಕೇಳುವುದಿಲ್ಲ.

ಡಂಗುರದವನು ಡಂಗುರದ ಚರ್ಮವನ್ನು ಬಿಸಿಲಿಗೆ ಹಿಡಿದು ಕಾಯಿಸುತ್ತಿದ್ದ. ಊರಿನಲ್ಲಿ ಗಟ್ಟಿಯಾಗಿ ಮಾತಾಡುವ ಹಕ್ಕಿದ್ದವನು ಅವನೊಬ್ಬನೇ. ಆದರೆ ಕೋಟೆಯಿಂದ ಮುದ್ರೆ ಒತ್ತಿ ಕೊಟ್ಟದ್ದನ್ನು ಮಾತ್ರ ಅವನು ಸಾರಬೇಕಿತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿ ಅವನು ಡಂಗುರವನ್ನು ಬಿಸಿಲಿನಿಂದ ಈಚೆ ಎಳೆದುಕೊಂಡ.

"ಎರಡು ವರ್ಷದ ಕೆಳಗೆ ನನ್ನ ಅಣ್ಣ ಹೋದ," ಎಂದ. "ಬಡ್ತಿ ಆಯ್ತು ಅಂತ ನಾನೇ ಸಾರಿದೆ. ಸಾರಿ ಬಂದು ನಾನೇ ಬೆಲ್ಲ ಹಂಚಿದೆ. ಅತ್ತಿಗೆ ಇನ್ನೂ ಕುಂಕುಮ ಇಡ್ತಾಳೆ."

"ನಾಳೆ ಸಾರ್ತೀಯಾ?" ಎಂದಳು ಅರಗಿನವಳು.

"ಸಾರ್ತೀನಿ. ನಂಬೋದಿಲ್ಲ. ಯಾರು ಹೇಳಿದ್ದು ಅಂತಾರೆ."

"ಹೇಳಿದವನ ದನಿ ಇದರಲ್ಲಿದೆ."

ಅವನು ಕುಡಿಕೆಯನ್ನು ಕೈಗೆ ತೆಗೆದುಕೊಂಡು ಮುದ್ರೆಯ ಮೇಲೆ ಬೆರಳಾಡಿಸಿದ. "ಹಾಗಾದ್ರೆ ಸರಿ," ಎಂದ. ಆ ಕ್ಷಣ ನಮ್ಮ ಮೂವರಿಗೂ ಅದು ಸರಿಯಾಗಿಯೇ ಕಂಡಿತು. ನಾವು ಮೂವರೂ ಆ ಊರಿನವರೇ. ಆದರೂ ನಮಗೆ ಹೊಳೆಯಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅವನು ಚೌಕದಲ್ಲಿ ನಿಂತು ಡಂಗುರ ಹೊಡೆದ. ನಾನು ಅಲ್ಲಿಯೇ ಒಲೆಯ ಮೇಲೆ ಮರಳು ಕಾಯಿಸಿ ಮಂಡಕ್ಕಿ ಹುರಿಯುತ್ತಿದ್ದೆ. ಅದು ನನ್ನ ದಿನದ ಕೆಲಸ. ಜನ ಸೇರಿದರು. ಅವನು ಸಾರಿದ. ಹೋದವರು ಯಾರೂ ಮುಂದಿನ ಠಾಣೆಯಲ್ಲಿಲ್ಲ, ಗೋಡೆಯ ಕೆಳಗೆ ಬಿದ್ದರು, ಬಾಣ ನಮ್ಮದೇ, ಎಂದು ಸಾರಿದ. ಅವನ ದನಿ ಯಾವತ್ತಿನಂತೆಯೇ ಸ್ಪಷ್ಟವಾಗಿತ್ತು.

ಬಳೆ ಮಾರುವವಳು ಮುಂದೆ ಬಂದಳು. ಅವಳ ಗಂಡ ಹೋಗಿ ನಾಲ್ಕು ತಿಂಗಳಾಗಿತ್ತು.

"ನನ್ನ ಗಂಡ ಠಾಣೆಯಲ್ಲಿದ್ದಾನೆ. ನೀನೇ ಸಾರಿದ್ದು, ಇದೇ ಬಾಯಲ್ಲಿ."

"ಸಾರಿದ್ದೆ ತಾಯಿ. ಕೊಟ್ಟಿದ್ದನ್ನ ಸಾರಿದ್ದೆ."

"ಹಾಗಾದ್ರೆ ಇದನ್ನ ಯಾರು ಕೊಟ್ಟರು? ಮುದ್ರೆ ಎಲ್ಲಿ?"

ಅವನು ಕುಡಿಕೆಯನ್ನು ಎತ್ತಿ ತೋರಿಸಿದ. ಗಾಣದ ಮುದುಕ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿ, ಮುದ್ರೆ ಕೋಟೆಯದೇ ಎಂದ. ಜನರಲ್ಲಿ ಗುಜುಗುಜು ಎದ್ದಿತು. ಒಬ್ಬಳು, ನಮ್ಮ ಮಾವ ಒಂದು ಸುದ್ದಿನೂ ಕಳಿಸಿಲ್ಲ ನೋಡಿ, ಎಂದಳು. ಇನ್ನೊಬ್ಬ, ನಮ್ಮ ಹುಡುಗನೂ ಅಷ್ಟೇ, ಎಂದ. ಮಾತಿನಿಂದ ಮಾತು ಹತ್ತಿಕೊಂಡಿತು. ಅಂಥ ಸದ್ದನ್ನು ನಮ್ಮ ಚೌಕದಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಒಡಿ ಅದನ್ನ," ಎಂದಳು ಬಳೆ ಮಾರುವವಳು. "ನಾನೇ ಕೇಳ್ತೀನಿ. ನನ್ನ ಗಂಡನ ವಿಷಯ ಅದು. ಒಡಿ!"

"ಒಡಿ, ಒಡಿ," ಎಂದರು ಎಲ್ಲರೂ.

"ಕಿವಿ ಮುಚ್ಚಿಕೋಬೇಡಿ," ಎಂದ ಡಂಗುರದವನು.

"ಇಲ್ಲ ಇಲ್ಲ, ಒಡಿ ನೀನು."

"ಒಂದೇ ಸಲ ಕೇಳಿಸೋದು. ಕೈ ಕೆಳಗೆ ಇರಲಿ."

"ಗೊತ್ತಪ್ಪಾ, ನಾವೇನು ಮಕ್ಕಳೇ?"

ಅವನು ಕುಡಿಕೆಯನ್ನು ಕಲ್ಲಿನ ಮೇಲೆ ಹಾಕಿದ.

ಮಣ್ಣು ಒಡೆದ ಸದ್ದಾಯಿತು. ಚೌಕದಲ್ಲಿದ್ದ ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು. ಬಳೆ ಮಾರುವವಳ ಕೈಗಳು ಎಲ್ಲರಿಗಿಂತ ಮೊದಲು ಎದ್ದವು, ಅವಳ ಬಳೆಗಳೆಲ್ಲ ಮೊಣಕೈಗೆ ಜಾರಿದವು. ಗಾಣದ ಮುದುಕನೂ ಮುಚ್ಚಿಕೊಂಡ. ತಾಯಂದಿರು ತಮ್ಮ ಕಿವಿಯನ್ನು ಭುಜಕ್ಕೆ ಒತ್ತಿ, ಕೈಯಿಂದ ಮಕ್ಕಳ ಕಿವಿ ಮುಚ್ಚಿದರು. ಅರಗಿನವಳು ಒಬ್ಬೊಬ್ಬರ ಬಳಿಗೂ ಓಡಿದಳು. ಕೈ ಹಿಡಿದು ಎಳೆದಳು. ಅವಳ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು. ನನ್ನ ಬಳಿಗೂ ಬಂದಳು, ನನ್ನ ಮಣಿಕಟ್ಟು ಹಿಡಿದು ಎಳೆದಳು. ನನಗೆ ಬಿಡಬೇಕೆಂದೇ ಇತ್ತು. ಬೆರಳು ಬಿಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ, ಯಾರೂ ಹೇಳದೆ, ಎಲ್ಲರೂ ಒಟ್ಟಿಗೆ ಕೈ ಇಳಿಸಿದೆವು. ನನ್ನ ಬಾಣಲೆಯ ಮಂಡಕ್ಕಿ ಕಪ್ಪಾಗಿತ್ತು.

"ಏನಂತು?" ಎಂದಳು ಬಳೆ ಮಾರುವವಳು.

ಡಂಗುರದವನು ಡಂಗುರವನ್ನು ಹೆಗಲಿನಿಂದ ಇಳಿಸಿದ.

"ಹೇಳೋ, ಏನಂತು?"

"ನೀನೇ ಕೇಳ್ತೀನಿ ಅಂದೆಯಲ್ಲಮ್ಮಾ."

"ಕುಡಿಕೆ ಒಡೀತಲ್ಲ! ಹೇಗೆ ಕೇಳೋದು?"

"ಇನ್ನೊಂದು ಸಲ ಹೇಳಿಸಪ್ಪ," ಎಂದ ಗಾಣದ ಮುದುಕ. ಆಮೇಲೆ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಯಾರದೋ ಕೈ ತನಗೆ ಅಂಟಿಕೊಂಡಿದೆಯೋ ಎಂಬಂತೆ ನೋಡಿಕೊಂಡ. ಬಳೆ ಮಾರುವವಳು ನೆಲದ ಮೇಲೆ ಕೂತು ಚೂರುಗಳನ್ನು ಒಂದೊಂದಾಗಿ ಎತ್ತಿ ಕಿವಿಗೆ ಹಿಡಿದಳು. ಚೂರಿನಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನಕ್ಕೆ ಮುದ್ರೆಯವರು ಚೌಕಕ್ಕೆ ಬಂದರು. ಎಲ್ಲರಿಗೂ ಮಜ್ಜಿಗೆ ಕೊಡಿಸಿದರು. ಯಾರನ್ನೂ ಗದರಿಸಲಿಲ್ಲ.

"ಕುಡಿಕೆಯಲ್ಲಿದ್ದದ್ದು ನಿಮಗೆ ಯಾರಿಗಾದರೂ ಕೇಳಿಸಿತೇ?"

ಇಲ್ಲ, ಎಂದರು ಒಬ್ಬೊಬ್ಬರಾಗಿ. ಕೆಲವರು ಹೆಮ್ಮೆಯಿಂದ ಎಂದರು. ಬಳೆ ಮಾರುವವಳು ಅಳುತ್ತ ಎಂದಳು.

"ಊರಿನವರು ಯಾರೂ ಕೇಳಿಲ್ಲ. ಒಳ್ಳೆಯದು. ಆದರೆ ಮಾತು ಹೊರಗೆ ಬಂದದ್ದಂತೂ ನಿಜ. ಬಂದ ಮಾತು ಎಲ್ಲಾದರೂ ಹೋಗಿರಲೇಬೇಕು." ಅವರು ನನ್ನ ಕಡೆ ತಿರುಗಿದರು. "ನೀನು ಬೆಳಗ್ಗೆ ಒಲೆ ಹಚ್ಚಿದ್ದೆಯಲ್ಲಮ್ಮಾ. ಹೊಗೆ ಯಾವ ಕಡೆ ಹೋಗುತ್ತಿತ್ತು?"

ನಾನು ಕಂಡದ್ದನ್ನು ಹೇಳಿದೆ. "ಹೊಳೆಯ ಕಡೆ ಸ್ವಾಮಿ."

ಅವರು ತಲೆದೂಗಿದರು. ಊರಿನಲ್ಲಿ ಯಾರೂ ಕೇಳದ ಮಾತನ್ನು ಆಚೆಯವರಿಗೆ ಕೇಳಿಸಿದ ಅಪರಾಧದ ಮೇಲೆ ಅರಗಿನವಳನ್ನೂ ಡಂಗುರದವನನ್ನೂ ಕರೆದುಕೊಂಡು ಹೋದರು. ಹೋಗುವಾಗ ಅವಳು ನನ್ನ ಕಡೆ ನೋಡಿ ಏನೋ ಅಂದಳು, ದನಿ ಇಲ್ಲದೆ, ತುಟಿಯಲ್ಲಿ ಮಾತ್ರ. ನನಗೆ ಓದಲು ಬರುತ್ತಿರಲಿಲ್ಲ.

ವಿಚಾರಣೆ ಕೋಟೆಯೊಳಗೆ ನಡೆಯಿತು. ಕುಡಿಕೆಯಲ್ಲಿ ಏನಿತ್ತು ಎಂದು ಹೇಳಿದರೆ ಅದು ಇನ್ನೊಂದು ಅಪರಾಧ. ಹೇಳದಿದ್ದರೆ ತನ್ನ ಪರವಾಗಿ ಹೇಳಲು ಅವಳಲ್ಲಿ ಬೇರೆ ಏನೂ ಇರಲಿಲ್ಲ. ತೀರ್ಪನ್ನು ಕುಡಿಕೆಯಲ್ಲಿ ಹೇಳಿ ಒಳಮನೆಯಲ್ಲಿ ಇಟ್ಟರು. ಆದ್ದರಿಂದ ಅವಳಿಗೆ ಏನಾಯಿತು ಎಂದು ನಮಗೆ ತಿಳಿಯಲಿಲ್ಲ. ಡಂಗುರದವನನ್ನು ಬಿಟ್ಟರು, ಕೆಲಸದಲ್ಲೇ ಮುಂದುವರಿಸಿದರು, ಡಂಗುರದ ಚರ್ಮವನ್ನು ಮಾತ್ರ ಬಿಚ್ಚಿಕೊಂಡರು. ಅವನು ಬೆಳಗ್ಗೆ ಬೀದಿ ಬೀದಿ ನಿಂತು ಚರ್ಮವಿಲ್ಲದ ಡಂಗುರದ ಖಾಲಿ ಬಳೆಯೊಳಗೆ ಕೈ ಆಡಿಸಿ ಮುಂದೆ ಹೋಗುತ್ತಿದ್ದ. ಜನ ಮೊದಲಿನಂತೆಯೇ ಬಾಗಿಲಿಗೆ ಬಂದು, ತಲೆಯಾಡಿಸಿ, ಒಳಗೆ ಹೋಗುತ್ತಿದ್ದರು.

ಹುಣ್ಣಿಮೆಯ ದಿನ ಬೆಳಗ್ಗೆ ಒಂಬತ್ತು ಜನ ಹೊರಟರು. ಅರಗಿನವಳ ತಮ್ಮ ಸಾಲಿನಿಂದ ಈಚೆ ಬಂದು ನನ್ನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಒಂದು ಸೇರು ಮಂಡಕ್ಕಿ ಕೊಡು. ಅವತ್ತಿನ ಹಾಗೆ ಕಪ್ಪು ಮಾಡಿ ಕೊಡಬೇಡ."

ನಾನು ಅವನ ಅಂಗವಸ್ತ್ರದಲ್ಲಿ ಕಟ್ಟಿ ಕೊಟ್ಟೆ. ಅವನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದ.

"ಅಕ್ಕನ ಸುದ್ದಿ?"

"ಇಲ್ಲಪ್ಪ."

"ಹ್ಞೂಂ." ಒಲೆಯಿಂದ ಹೊರಬಿದ್ದ ಸೌದೆಯನ್ನು ಒಳಕ್ಕೆ ತಳ್ಳಿದ. "ಈಗ ತಾನೇ ನಮಗೆ ಸಂಕೇತದ ಮಾತು ಹೇಳಿಕೊಟ್ಟರು. ಚೆನ್ನಾಗಿದೆ ಕಣಮ್ಮ. ಚಿಕ್ಕದು. ಓಡುತ್ತ ಕೂಗೋಕೆ ಅನುಕೂಲ." ಅವನು ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಹೇಳಲಾ? ನೀನಾದ್ರೂ ಗೋಡೆ ಮೇಲಿನ ಯಾರಿಗಾದ್ರೂ..."

ನಾನು ಬಾಣಲೆಯ ಮರಳನ್ನು ಜೋರಾಗಿ ಕೆದಕಿದೆ. ಮರಳಿನ ಸದ್ದಿನಲ್ಲಿ ಬೇರೆ ಏನೂ ಕೇಳುವುದಿಲ್ಲ. ಅವನು ಎದ್ದು ನಿಂತ. ನನ್ನ ಮೇಲೆ ಸಿಟ್ಟಾಗಲಿಲ್ಲ. ಹೆಗಲ ಮೇಲೆ ಗಂಟು ಹಾಕಿಕೊಂಡು, ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ಸೇರಿದ. ಒಂಬತ್ತು ಜನರೂ ಮಂಜಿನೊಳಗೆ ಇಳಿದರು. ಮೊದಲು ಕಾಲು ಕಾಣದಾಯಿತು, ಆಮೇಲೆ ಸೊಂಟ, ಆಮೇಲೆ ತಲೆ.

ಮೂರನೆಯ ದಿನ ಕೋಟೆಯಿಂದ ನನಗೆ ಕರೆ ಬಂತು. ಅರಗು ಹಾಕಲು ಒಬ್ಬಳು ಬೇಕಾಗಿತ್ತು. ನಿನ್ನ ಕೈ ಬಿಸಿಗೆ ಪಳಗಿದ ಕೈ, ಎಂದರು ಮುದ್ರೆಯವರು. ಬರುವುದಿಲ್ಲ ಎನ್ನಲು ನನಗೆ ಒಂದು ಕಾರಣ ಬೇಕಿತ್ತು. ಇದ್ದ ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ. ಹೋದೆ.

ಕ್ರಮವನ್ನು ಬದಲಿಸಿದ್ದರು. ಕಿವಿಗೆ ಜೇನುಮೇಣ ಹೇಗೂ ಇತ್ತು. ಈಗ ಅರಗು ಹಾಕುವವಳು ಹೇಳುವವನಿಗೆ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ಕೂರಬೇಕು. ಹೇಳಿ ಮುಗಿದ ಮೇಲೆ ಅವಳ ಬೆನ್ನು ತಟ್ಟುತ್ತಾರೆ. ಅವಳು ಎರಡೂ ಕೈಗಳನ್ನು ಹಿಂದಕ್ಕೆ ಚಾಚಿ ಕುಡಿಕೆ ತೆಗೆದುಕೊಳ್ಳಬೇಕು. ಒಂದು ವಾರದಲ್ಲಿ ರೂಢಿಯಾಯಿತು. ಯಾರ ಕೈ ಯಾವುದು ಎಂದು ಬೆರಳಿನಿಂದಲೇ ತಿಳಿಯುತ್ತಿತ್ತು. ಅಡುಗೆಯವನ ಕೈ ಜಿಡ್ಡು. ಬಾಗಿಲು ಕಾಯುವವನದು ತಣ್ಣಗೆ.

ತಿಂಗಳು ಕಳೆದು, ಅರಗಿನವಳ ತಮ್ಮ ಮರಳಬೇಕಾದ ಹುಣ್ಣಿಮೆ ಬಂತು. ಹೊಸ ಒಂಬತ್ತು ಜನ ಇಳಿದು ಹೋದರು. ಮಾರನೆಯ ಸಂಜೆ ನನ್ನ ಬೆನ್ನು ತಟ್ಟಿದರು. ನಾನು ಸೌಟಿನಲ್ಲಿ ಅರಗು ಎತ್ತಿ ಪಕ್ಕಕ್ಕಿಟ್ಟು, ಕೈಗಳನ್ನು ಹಿಂದಕ್ಕೆ ಚಾಚಿದೆ. ಕುಡಿಕೆ ಬಂತು. ಹಿಡಿದೆ. ಕೊಟ್ಟ ಕೈ ಬಿಡಲಿಲ್ಲ.

ಆ ಬೆರಳ ತುದಿಗಳು ಬಿಲ್ಲಿನ ಹೆದೆ ಎಳೆದು ಎಳೆದು ಮರದಂತಾಗಿದ್ದವು. ಕುಡಿಕೆ ನಮ್ಮಿಬ್ಬರ ನಡುವೆ ನಿಂತಿತು. ನಾನು ಮೆಲ್ಲನೆ ಎಳೆದೆ. ಅವನು ಇನ್ನೂ ಬಿಗಿಯಾಗಿ ಹಿಡಿದ. ತಿರುಗಿ ನೋಡಿದ್ದರೆ ಒಂದು ಮುಖ ಕಾಣುತ್ತಿತ್ತು. ಮುಖದಲ್ಲಿ ಒಂದು ಬಾಯಿ ಇರುತ್ತಿತ್ತು. ಅವನು ಹೇಳಿ ಮುಗಿಸಿರಲಿಲ್ಲವೋ, ಮುಗಿಸಿದ ಮೇಲೂ ಖಾಲಿಯಾಗಿರಲಿಲ್ಲವೋ, ನನಗೆ ತಿಳಿಯದು. ಎಷ್ಟು ಹೊತ್ತು ಹಾಗೆ ಹಿಡಿದುಕೊಂಡಿದ್ದೆವೋ ಅದೂ ತಿಳಿಯದು.

ಸೌಟಿನಲ್ಲಿದ್ದ ಅರಗು ಆರುತ್ತಿತ್ತು. ಆರಿದರೆ ಮುದ್ರೆ ಕೂರುವುದಿಲ್ಲ.

ಗೋಡೆಯನ್ನೇ ನೋಡುತ್ತ, ಎರಡೂ ಕೈಗಳಿಂದ, ಇದ್ದ ಬಲವನ್ನೆಲ್ಲ ಹಾಕಿ ನಾನು ಅದನ್ನು ಅವನಿಂದ ಕಿತ್ತುಕೊಂಡೆ.